ಬೀಜಗಣಿತವೆಂಬ ಹೊಸ್ತಿಲು: ಪ್ರೌಢಶಾಲೆಯಿಂದ ಕಾಲೇಜಿನ ಗಣಿತಕ್ಕೆ

ವಿದ್ಯೆಗಳಲ್ಲಿ ಕೆಲವು ನೆನಪಿನ ಬಲದಿಂದ ಬೆಳೆಯತಕ್ಕವು, ಕೆಲವು ಅಭ್ಯಾಸದ ಬಲದಿಂದ ಬೆಳೆಯತಕ್ಕವು. ಗಣಿತವು ಈ ಎರಡನ್ನೂ ಬಯಸುವುದಾದರೂ ಇವೆರಡರಿಂದಲೇ ತೃಪ್ತಿಪಡುವ ವಿದ್ಯೆಯಲ್ಲ. ಬರೆದುದನ್ನು ಅರ್ಥವರಿತು ಓದುವ ಶಕ್ತಿಯೂ ಅದಕ್ಕೆ ಬೇಕು. ಪ್ರೌಢಶಾಲೆಯ ಕೊನೆಯ ಪರೀಕ್ಷೆಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕಗಳನ್ನು ಪಡೆದ ವಿದ್ಯಾರ್ಥಿಯು ಪದವಿಪೂರ್ವ ಕಾಲೇಜಿನ ವಿಜ್ಞಾನ ವಿಭಾಗವನ್ನು ಸೇರಿದ ಕೆಲವೇ ತಿಂಗಳುಗಳಲ್ಲಿ ಅದೇ ಗಣಿತವನ್ನು ಕಂಡು ಹಿಂಜರಿಯುವುದು ಮುದ್ದೇಬಿಹಾಳ, ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಭಾಗದ ಉಪಾಧ್ಯಾಯರಿಗೆ ಹೊಸ ಸಂಗತಿಯೇನೂ ಅಲ್ಲ. ಬಿಳಿಜೋಳ, ತೊಗರಿಗಳನ್ನು ಬೆಳೆದು ಮಗನನ್ನೋ ಮಗಳನ್ನೋ ವಿಜ್ಞಾನಕ್ಕೆ ಹಚ್ಚಿದ ರೈತನಿಗೆ ಆ ಹಿಂಜರಿಕೆಯ ಬೆಲೆ ಸಣ್ಣದಲ್ಲ. ಗಣಿತವನ್ನು ಬಿಟ್ಟ ವಿದ್ಯಾರ್ಥಿಗೆ ಎಂಜಿನಿಯರಿಂಗ್, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಗಣಕವಿಜ್ಞಾನ ಈ ಬಾಗಿಲುಗಳೆಲ್ಲ ಒಮ್ಮೆಗೇ ಮುಚ್ಚುತ್ತವೆ.

ಮಕ್ಕಳ ಬುದ್ಧಿಯು ಕಡಿಮೆಯೆಂದು ಇದಕ್ಕೆ ಕಾರಣ ಹೇಳುವುದು ಸುಲಭ. ಆದರೆ ಅದು ಸತ್ಯವಲ್ಲ. ಹತ್ತನೆಯ ತರಗತಿಯಲ್ಲಿ ಅವರು ಬೀಜಗಣಿತದ ಕ್ರಿಯೆಗಳನ್ನು ಕಲಿತಿರುತ್ತಾರೆ. ಬೀಜಗಣಿತದ ಭಾಷೆಯನ್ನು ಓದಲು ಕಲಿತಿರುವುದಿಲ್ಲ. ಕಾಲೇಜಿನ ಗಣಿತವು ಆ ಭಾಷೆಯಲ್ಲಿಯೇ ಮಾತಾಡುತ್ತದೆ. ಈ ಕೊರತೆಯನ್ನು ಪ್ರೌಢಶಾಲೆಯಲ್ಲಿಯೇ, ಕನ್ನಡದಲ್ಲಿಯೇ, ಇದ್ದ ಸಾಧನಗಳಿಂದಲೇ ತುಂಬಬಹುದೆಂಬುದು ಈ ಲೇಖನದ ತಾತ್ಪರ್ಯ.

ಕನ್ನಡ ನೆಲದ ಪರಂಪರೆ

ಗಣಿತವು ಹೊರಗಿನಿಂದ ಬಂದ ಕಠಿಣ ವಿದ್ಯೆಯೆಂಬ ಭಾವನೆ ಮೊದಲು ಹೋಗಬೇಕು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು (ಕ್ರಿ.ಶ. 814–878) ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳುತ್ತಿದ್ದಾಗ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದನು. ಕನ್ನಡದ ಮೊದಲ ಉಪಲಬ್ಧ ಗ್ರಂಥವಾದ ‘ಕವಿರಾಜಮಾರ್ಗ’ವು ಹುಟ್ಟಿದ್ದೂ ಅದೇ ಅರಸನ ಆಶ್ರಯದಲ್ಲಿ. ನುಡಿಯ ಲಕ್ಷಣವನ್ನೂ ಸಂಖ್ಯೆಯ ಲಕ್ಷಣವನ್ನೂ ಒಂದೇ ಆಸ್ಥಾನವು ಪೋಷಿಸಿತೆಂಬುದು ಕನ್ನಡಿಗರು ಮರೆಯಬಾರದ ಸಂಗತಿ. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವನ್ನು ಕನ್ನಡದಲ್ಲಿಯೇ ಬರೆದನು. ಅದೇ ಶತಮಾನದ ಭಾಸ್ಕರಾಚಾರ್ಯನು (ಜನನ 1114) 1150ರ ಸುಮಾರಿಗೆ ‘ಲೀಲಾವತಿ’, ‘ಬೀಜಗಣಿತ’ಗಳನ್ನು ರಚಿಸಿದನು. ತನ್ನ ಊರು ಸಹ್ಯಾದ್ರಿಯ ಸಮೀಪದ ವಿಜ್ಜಡವಿಡವೆಂದು ಆತನು ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎಂದು ಕೆಲವರೂ, ಖಾನದೇಶದ ಕಡೆಯದೆಂದು ಕೆಲವರೂ ವಾದಿಸಿದ್ದಾರೆ.

ಸಮೀಪಕಾಲದ ನಿದರ್ಶನವೂ ಇದೆ. ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಪ್ರಥಮ ವರ್ಗ ಪಡೆದವರಿಗೆ ಸಲ್ಲುವ ‘ರ‍್ಯಾಂಗ್ಲರ್’ ಎಂಬ ಗೌರವಕ್ಕೆ ಪಾತ್ರರಾದರು. ಮುಂದೆ 1954ರಿಂದ 1967ರ ವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಅದನ್ನು ಕಟ್ಟಿ ಬೆಳೆಸಿದರು. ಹಳ್ಳಿಯ ಕನ್ನಡ ಶಾಲೆಯಿಂದ ಹೊರಟ ದಾರಿಯು ಗಣಿತದಲ್ಲಿ ಎಲ್ಲಿಯವರೆಗೂ ಹೋಗಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಂತರವೆಲ್ಲಿದೆ?

ಹತ್ತನೆಯ ತರಗತಿಯ ಪಠ್ಯದಲ್ಲಿ ಬಹುಪದೋಕ್ತಿ, ಎರಡು ಚರಾಕ್ಷರಗಳ ಸಮೀಕರಣ, ವರ್ಗಸಮೀಕರಣ, ಸಮಾಂತರ ಶ್ರೇಢಿಗಳು ಬರುತ್ತವೆ. ಪದವಿಪೂರ್ವ ಮೊದಲನೆಯ ವರ್ಷದಲ್ಲಿ ಗಣಗಳು, ಸಂಬಂಧ ಮತ್ತು ಫಲನಗಳು, ಸಂಕೀರ್ಣ ಸಂಖ್ಯೆಗಳು, ಅಸಮತೆಗಳು, ಕ್ರಮಯೋಜನೆ ಮತ್ತು ವಿಕಲ್ಪಗಳು, ದ್ವಿಪದ ಪ್ರಮೇಯ, ಸರಳರೇಖೆ, ಶಂಕುಜಗಳು, ಕೊನೆಗೆ ಪರಿಮಿತಿ ಮತ್ತು ಅವಕಲನ ಬರುತ್ತವೆ. ಹೆಸರುಗಳ ಈ ಪಟ್ಟಿಯನ್ನು ನೋಡಿದವರಿಗೆ ಎರಡರ ನಡುವೆ ದೊಡ್ಡ ಕಂದಕವಿದ್ದಂತೆ ತೋರುತ್ತದೆ. ವಿಚಾರಿಸಿ ನೋಡಿದರೆ ಹೊಸ ಅಧ್ಯಾಯಗಳಲ್ಲಿ ಹೆಚ್ಚಿನವು ಹಳೆಯ ಬೀಜಗಣಿತದ ಚಿಗುರುಗಳೇ. ಬದಲಾಗುವುದು ಪ್ರಶ್ನೆ. ಪ್ರೌಢಶಾಲೆಯು ‘ಉತ್ತರವೆಷ್ಟು?’ ಎಂದು ಕೇಳುತ್ತದೆ. ಕಾಲೇಜು ‘ಯಾವಾಗ ಉತ್ತರವುಂಟು, ಎಷ್ಟು ಉತ್ತರಗಳುಂಟು, ಎಲ್ಲ ಸಂದರ್ಭಗಳಲ್ಲಿಯೂ ಅದು ನಿಜವೇ?’ ಎಂದು ಕೇಳುತ್ತದೆ. ಈ ಎರಡನೆಯ ಪ್ರಶ್ನೆಯನ್ನು ಕೇಳಿಕೊಳ್ಳುವ ರೂಢಿಯನ್ನು ಹುಟ್ಟಿಸುವುದೇ ನಿಜವಾದ ಪೂರ್ವಸಿದ್ಧತೆ.

ಅವ್ಯಕ್ತವೆಂಬ ಸರ್ವನಾಮ

ಬೀಜಗಣಿತದಲ್ಲಿ ತಿಳಿಯದ ಸಂಖ್ಯೆಗೆ ನಮ್ಮ ಪೂರ್ವಿಕರು ‘ಅವ್ಯಕ್ತ’ವೆಂದರು. ‘ಯಾವತ್ ತಾವತ್’ ಎಂದರೆ ‘ಎಷ್ಟೋ ಅಷ್ಟು’ ಎಂಬ ಮಾತಿನ ಮೊದಲಕ್ಷರವನ್ನು ಅದಕ್ಕೆ ಗುರುತಾಗಿಟ್ಟರು. ಒಂದಕ್ಕಿಂತ ಹೆಚ್ಚು ಅವ್ಯಕ್ತಗಳಿದ್ದಾಗ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರನ್ನು ಬಳಸಿದರು. ಈ ಲೇಖನದಲ್ಲಿಯೂ ಅವ್ಯಕ್ತಕ್ಕೆ ‘ಯ’ ಎಂದೇ ಬರೆದಿದೆ. ಶಾಲೆಯ ಪುಸ್ತಕದಲ್ಲಿ ಇದರ ಸ್ಥಾನದಲ್ಲಿ ‘ಎಕ್ಸ್’ ಇರುತ್ತದೆ.

ವ್ಯಾಕರಣದಲ್ಲಿ ‘ಅವನು’, ‘ಅದು’ ಎಂಬ ಸರ್ವನಾಮಗಳು ಮಾಡುವ ಕೆಲಸವನ್ನೇ ಬೀಜಗಣಿತದಲ್ಲಿ ‘ಯ’ ಮಾಡುತ್ತದೆ. ನಾಮಪದದ ಸ್ಥಾನದಲ್ಲಿ ನಿಂತು ಅದು ವಾಕ್ಯವನ್ನು ನಡೆಸುತ್ತದೆ. ಸಮಚಿಹ್ನೆಯು ಆ ವಾಕ್ಯದ ಕ್ರಿಯಾಪದ. ‘2ಯ + 5 = 17’ ಎಂಬುದು ಒಂದು ಪೂರ್ಣ ವಾಕ್ಯ; ‘2ಯ + 5’ ಎಂಬುದು ಕ್ರಿಯಾಪದವಿಲ್ಲದ ಬರಿಯ ಪದಪುಂಜ. ಪದಪುಂಜವನ್ನು ಸಂಕ್ಷೇಪಿಸಬಹುದು, ಬಿಡಿಸಲಾಗದು, ವಾಕ್ಯವನ್ನು ಬಿಡಿಸಬಹುದು. ಇಷ್ಟು ಮಾತನ್ನು ಅರಿಯದ ವಿದ್ಯಾರ್ಥಿಯೇ ಬರಿಯ ಪದಪುಂಜದ ಪಕ್ಕದಲ್ಲಿ ‘= 0’ ಎಂದು ತಾನೇ ಸೇರಿಸಿ ಬಿಡಿಸತೊಡಗುತ್ತಾನೆ.

ವಾಕ್ಯಗಳಲ್ಲಿಯೂ ಎರಡು ಬಗೆ. ‘2ಯ + 5 = 17’ ಎಂಬುದು ಯ = 6 ಆದಾಗ ಮಾತ್ರ ನಿಜ; ಇದು ಸಮೀಕರಣ. ‘(ಯ + 1)² = ಯ² + 2ಯ + 1’ ಎಂಬುದು ಯ ಯಾವುದೇ ಆಗಿರಲಿ, ನಿಜ; ಇದು ನಿತ್ಯಸಮೀಕರಣ. ಕಾಲೇಜಿನ ಗಣಿತದಲ್ಲಿ ಇವೆರಡೂ ಒಂದೇ ಪುಟದಲ್ಲಿ ಬೆರೆತು ಬರುತ್ತವೆ. ಯಾವುದು ಯಾವ ಬಗೆಯದೆಂದು ಗುರುತಿಸುವುದನ್ನು ಹತ್ತನೆಯ ತರಗತಿಯಲ್ಲಿಯೇ ರೂಢಿ ಮಾಡಿಸಬೇಕು.

ಒಂದೆಕರೆ ಹೊಲ

ಈ ಸೀಮೆಯ ಮಕ್ಕಳಿಗೆ ಎಕರೆ, ಗುಂಟೆಗಳ ಪರಿಚಯ ಮನೆಯಿಂದಲೇ ಬಂದಿರುತ್ತದೆ. 33 ಅಡಿ ಉದ್ದ, 33 ಅಡಿ ಅಗಲದ ನೆಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ, ಎಂದರೆ 43,560 ಚದರ ಅಡಿ. ಆಯತಾಕಾರದ ಒಂದೆಕರೆ ಹೊಲದ ಉದ್ದವು ಅಗಲಕ್ಕಿಂತ 22 ಅಡಿ ಹೆಚ್ಚಾಗಿದೆ, ಅಗಲವೆಷ್ಟು?

ಅವಸರದ ವಿದ್ಯಾರ್ಥಿಯು ದೊಡ್ಡ ಸಂಖ್ಯೆಗಳೊಡನೆ ಹೆಣಗುತ್ತಾನೆ. ವಿವೇಕಿಯು ಮೊದಲು ಅಳತೆಯ ಮಾನವನ್ನು ಬದಲಿಸಿಕೊಳ್ಳುತ್ತಾನೆ. 11 ಅಡಿಯನ್ನು ಒಂದು ಮಾನವೆಂದು ಎಣಿಸಿದರೆ 22 ಅಡಿ ಎಂಬುದು 2 ಆಯಿತು. 43,560ನ್ನು 121ರಿಂದ ಭಾಗಿಸಲು ಕ್ಷೇತ್ರಫಲವು 360 ಆಯಿತು. ಅಗಲವನ್ನು ‘ಯ’ ಎಂದಿಟ್ಟರೆ:

ಯ(ಯ + 2) = 360, ಎಂದರೆ ಯ² + 2ಯ = 360

ಇದನ್ನು ಬಿಡಿಸಲು ಶ್ರೀಧರಾಚಾರ್ಯನು ಹೇಳಿದ ಕ್ರಮವೊಂದಿದೆ. ಆತನ ಬೀಜಗಣಿತ ಗ್ರಂಥವು ಉಳಿದಿಲ್ಲವಾದರೂ ಭಾಸ್ಕರಾಚಾರ್ಯನು ಅದನ್ನು ಉದಾಹರಿಸಿದ್ದರಿಂದ ಈ ಕ್ರಮವು ಉಳಿದುಬಂದಿದೆ. ಅವ್ಯಕ್ತದ ವರ್ಗಕ್ಕಿರುವ ಸಹಗುಣಕದ ನಾಲ್ಕರಷ್ಟರಿಂದ ಎರಡೂ ಪಕ್ಷಗಳನ್ನು ಗುಣಿಸಬೇಕು. ಬಳಿಕ ಅವ್ಯಕ್ತದ ಸಹಗುಣಕದ ವರ್ಗವನ್ನು ಎರಡೂ ಪಕ್ಷಗಳಿಗೆ ಕೂಡಿಸಬೇಕು. ಅದರಂತೆ:

4ಯ² + 8ಯ + 4 = 1440 + 4
(2ಯ + 2)² = 1444 = 38²

ಆದುದರಿಂದ 2ಯ + 2 ಎಂಬುದು 38 ಅಥವಾ −38. ಮೊದಲನೆಯದರಿಂದ ಯ = 18, ಎರಡನೆಯದರಿಂದ ಯ = −20. ಅಗಲವು 18 × 11 = 198 ಅಡಿ, ಉದ್ದವು 220 ಅಡಿ. ಈ ಕ್ರಮದಲ್ಲಿ ಭಿನ್ನರಾಶಿಗಳ ತೊಡಕೇ ಬಾರದು. ಇದನ್ನೇ ‘ಅಯ² + ಬಯ + ಕ = 0’ ಎಂಬುದಕ್ಕೆ ಅನ್ವಯಿಸಿದರೆ ಪುಸ್ತಕದ ಸೂತ್ರವು ತಾನಾಗಿಯೇ ಹೊರಬರುತ್ತದೆ:

(2ಅಯ + ಬ)² = ಬ² − 4ಅಕ

ಸೂತ್ರವನ್ನು ಬಾಯಿಪಾಠ ಮಾಡಿದವನು ಮರೆತರೆ ದಿಕ್ಕುಗೆಡುತ್ತಾನೆ. ಹುಟ್ಟಿಸಲು ಬಲ್ಲವನು ಮರೆತರೂ ಮತ್ತೆ ಹುಟ್ಟಿಸಿಕೊಳ್ಳುತ್ತಾನೆ.

ಇಲ್ಲಿ −20 ಎಂಬ ಉತ್ತರವನ್ನು ‘ಅಗಲವು ಋಣವಾಗಲಾರದು’ ಎಂದು ಬರೆದು ಕೈಬಿಡುವುದು ಪ್ರೌಢಶಾಲೆಯ ಪದ್ಧತಿ. ಹೊಲದ ಮಟ್ಟಿಗೆ ಅದು ಸರಿಯೇ. ಆದರೆ ಋಣಚಿಹ್ನೆಯನ್ನು ತೆಗೆದರೆ ಉಳಿಯುವ 20 ಎಂಬುದು ಹೊಲದ ಉದ್ದವೇ ಆಗಿರುವುದನ್ನು ಅಧ್ಯಾಪಕರು ತೋರಿಸಿಕೊಡಬೇಕು. 18 × 20 = 360 ಆದಂತೆಯೇ (−20) × (−18) = 360. ಸಮೀಕರಣಕ್ಕೆ ಹೊಲದ ಸುದ್ದಿ ಗೊತ್ತಿಲ್ಲ; ತನಗೆ ಒಪ್ಪುವ ಎಲ್ಲ ಸಂಖ್ಯೆಗಳನ್ನೂ ಅದು ಹೇಳಿಬಿಡುತ್ತದೆ. ಅವುಗಳಲ್ಲಿ ಆಯ್ದುಕೊಳ್ಳುವ ಹೊಣೆ ಓದುವವನದು. ಈ ವಿವೇಚನೆಯು ಮೂಡಿದ ವಿದ್ಯಾರ್ಥಿಯು ಕಾಲೇಜಿನ ಹೊಸ್ತಿಲ ಮೇಲೆ ಒಂದು ಕಾಲನ್ನು ಇಟ್ಟಂತೆಯೇ.

ಬೇಲಿಯ ಲೆಕ್ಕ

ಎರಡನೆಯ ಉದಾಹರಣೆ: 100 ಮೀಟರ್ ತಂತಿಯಿಂದ ಆಯತಾಕಾರದ ತೋಟಕ್ಕೆ ಸುತ್ತ ಒಂದೆಳೆ ಬೇಲಿ ಹಾಕಬೇಕು. ಒಂದು ಬದಿಯು ‘ಯ’ ಮೀಟರ್ ಆದರೆ ಇನ್ನೊಂದು 50 − ಯ. ಕ್ಷೇತ್ರಫಲವು 600 ಚದರ ಮೀಟರ್ ಆಗಬೇಕಾದರೆ ಬದಿಗಳು 20 ಮತ್ತು 30. 700 ಚದರ ಮೀಟರ್ ಬೇಕೆಂದರೆ?

ಯ² − 50ಯ + 700 = 0

ಇದರ ಶೋಧಕವು 2500 − 2800 = −300. ‘ವಾಸ್ತವ ಮೂಲಗಳಿಲ್ಲ’ ಎಂದು ಬರೆದು ವಿದ್ಯಾರ್ಥಿಯು ಲೇಖನಿಯನ್ನು ಕೆಳಗಿಡುತ್ತಾನೆ. ಮಾತು ಮುಗಿಯಿತೆಂದು ಅವನು ತಿಳಿದ ಸ್ಥಳದಲ್ಲಿಯೇ ಕಾಲೇಜಿನ ಗಣಿತವು ಆರಂಭವಾಗುತ್ತದೆ. 600 ಸಾಧ್ಯ, 700 ಅಸಾಧ್ಯ. ಹಾಗಾದರೆ ಗಡಿ ಎಲ್ಲಿದೆ? ವರ್ಗವನ್ನು ಪೂರ್ಣಗೊಳಿಸಿ ಬರೆದರೆ:

ಯ(50 − ಯ) = 625 − (ಯ − 25)²

ವರ್ಗವೆಂಬುದು ಎಂದೂ ಋಣವಾಗದು. ಆದುದರಿಂದ 625ರಿಂದ ಏನನ್ನಾದರೂ ಕಳೆಯಬಹುದೇ ಹೊರತು ಕೂಡಿಸುವಂತಿಲ್ಲ. ಗರಿಷ್ಠ ಕ್ಷೇತ್ರಫಲವು 625 ಚದರ ಮೀಟರ್; ಅದು ದೊರೆಯುವುದು ಯ = 25 ಆದಾಗ, ಎಂದರೆ ತೋಟವು ಚೌಕವಾದಾಗ. ಅವಕಲನದ ನೆರವಿಲ್ಲದೆ, ಬರಿಯ ಬೀಜಗಣಿತದಿಂದ ಗರಿಷ್ಠ ಬೆಲೆಯು ತಿಳಿದುಬಂತು. ಯ ಬದಲಾದಂತೆ ಕ್ಷೇತ್ರಫಲವು ಹೇಗೆ ಏರಿ ಇಳಿಯುವುದೆಂಬುದನ್ನು ಚೌಕುಳಿ ಕಾಗದದ ಮೇಲೆ ಬರೆಯಿಸಿದರೆ ಪರವಲಯವು ಕಣ್ಣಿಗೆ ಕಾಣುತ್ತದೆ. ‘ಫಲನ’ವೆಂಬ ಮಾತಿಗೆ ಅರ್ಥವು ತಾನಾಗಿ ಮೂಡುತ್ತದೆ.

ಋಣಸಂಖ್ಯೆಯು ಸ್ವಭಾವತಃ ಯಾವ ಸಂಖ್ಯೆಯ ವರ್ಗವೂ ಅಲ್ಲವಾದ್ದರಿಂದ ಅದಕ್ಕೆ ವರ್ಗಮೂಲವಿಲ್ಲವೆಂದು ಮಹಾವೀರಾಚಾರ್ಯನು ಸ್ಪಷ್ಟವಾಗಿ ಹೇಳಿದ್ದಾನೆ. ಹತ್ತನೆಯ ತರಗತಿಯು ನಿಲ್ಲುವುದೂ ಅಲ್ಲಿಯೇ. ಕಾಲೇಜಿನಲ್ಲಿ −1ರ ವರ್ಗಮೂಲವನ್ನು ಹೊಸ ಸಂಖ್ಯೆಯಾಗಿ ಸ್ವೀಕರಿಸಿ ಸಂಕೀರ್ಣ ಸಂಖ್ಯೆಗಳ ಲೋಕವನ್ನು ಕಟ್ಟುತ್ತಾರೆ. ಹಿಂದಿನ ಪಾಠವು ಸುಳ್ಳಾಯಿತೆಂದು ಆಗ ವಿದ್ಯಾರ್ಥಿಯು ಗಾಬರಿಯಾಗಬಾರದು. ಸಂಖ್ಯೆಗಳ ಕ್ಷೇತ್ರವು ವಿಸ್ತಾರವಾಯಿತೆಂದು ತಿಳಿಯಬೇಕು. ‘ಮೂರರಿಂದ ಐದನ್ನು ಕಳೆಯಲಾಗದು’ ಎಂದು ಮೊದಲ ತರಗತಿಯಲ್ಲಿ ಕಲಿತು, ಮುಂದೆ ಋಣಸಂಖ್ಯೆಗಳನ್ನು ಅರಿತಾಗಲೂ ನಡೆದದ್ದು ಇದೇ.

ಎಚ್ಚರಿಸಬೇಕಾದ ದೋಷಗಳು

ಕೆಲವು ದೋಷಗಳು ಪ್ರೌಢಶಾಲೆಯಲ್ಲಿ ಒಂದೆರಡು ಅಂಕಗಳನ್ನಷ್ಟೇ ಕಳೆಯುತ್ತವೆ. ಕಾಲೇಜಿನಲ್ಲಿ ಇಡೀ ಪಾಠವನ್ನೇ ಕೆಡಿಸುತ್ತವೆ.

ಒಂದು: ‘(ಅ + ಬ)² = ಅ² + ಬ²’ ಎಂದು ಬರೆಯುವುದು. 3 ಮತ್ತು 4 ಇಟ್ಟು ನೋಡಿದರೆ ಎಡಗಡೆ 49, ಬಲಗಡೆ 25. ಸಂದೇಹ ಬಂದಾಗ ಸಣ್ಣ ಸಂಖ್ಯೆಗಳನ್ನಿಟ್ಟು ಪರೀಕ್ಷಿಸುವ ಅಭ್ಯಾಸವೇ ಇದಕ್ಕೆ ಮದ್ದು.

ಎರಡು: ‘ಯ² = 5ಯ’ ಎಂಬಲ್ಲಿ ಎರಡೂ ಕಡೆ ‘ಯ’ದಿಂದ ಭಾಗಿಸಿ ಯ = 5 ಎಂದಷ್ಟೇ ಹೇಳುವುದು. ಇಲ್ಲಿ ಯ = 0 ಎಂಬ ಇನ್ನೊಂದು ಉತ್ತರವು ಕಳೆದುಹೋಯಿತು. ಸೊನ್ನೆಯಾಗಬಹುದಾದುದರಿಂದ ಭಾಗಿಸಕೂಡದು. ಸೊನ್ನೆಯಿಂದ ಭಾಗಿಸುವ ವಿಷಯದಲ್ಲಿ ಮಹಾಪಂಡಿತರೂ ತೊಡಕಿಗೆ ಸಿಕ್ಕಿದ್ದರು. ಹಾಗೆ ಭಾಗಿಸಿದ ಸಂಖ್ಯೆಯು ಬದಲಾಗದೆ ಉಳಿಯುವುದೆಂದು ಮಹಾವೀರಾಚಾರ್ಯನು ಎಣಿಸಿದನು, ಭಾಸ್ಕರಾಚಾರ್ಯನು ಅದನ್ನು ‘ಖಹರ’ವೆಂದು ಕರೆದು ಅನಂತವೆಂದನು, ಇಂದಿನ ಗಣಿತವು ಅದಕ್ಕೆ ಅರ್ಥವನ್ನೇ ಕೊಡುವುದಿಲ್ಲ.

ಮೂರು: ‘(ಯ² − 9) ÷ (ಯ − 3) = ಯ + 3’ ಎಂದು ಷರತ್ತಿಲ್ಲದೆ ಬರೆಯುವುದು. ಯ = 3 ಆದಾಗ ಎಡಗಡೆಗೆ ಅರ್ಥವಿಲ್ಲ. ಆದರೂ ಯ = 3.1 ಆದರೆ ಬೆಲೆ 6.1, 3.01 ಆದರೆ 6.01, 3.001 ಆದರೆ 6.001. ಮೂರರ ಬಳಿ ಬಂದಂತೆ ಬೆಲೆಯು ಆರರ ಬಳಿ ಬರುತ್ತದೆ. ‘ಪರಿಮಿತಿ’ ಎಂಬ ಅಧ್ಯಾಯದ ಬೀಜವು ಇದೇ. ಹತ್ತನೆಯ ತರಗತಿಯ ಅಪವರ್ತನದಲ್ಲಿಯೇ ಅದು ಅಡಗಿದೆ.

ಛಂದಸ್ಸಿನಿಂದ ದ್ವಿಪದ ಪ್ರಮೇಯಕ್ಕೆ

ಕನ್ನಡದ ಪಾಠದಲ್ಲಿ ಪ್ರತಿಯೊಬ್ಬ ಪ್ರೌಢಶಾಲಾ ವಿದ್ಯಾರ್ಥಿಯೂ ಗುರು, ಲಘುಗಳನ್ನು ಗುರುತಿಸಿ ಅಕ್ಷರಗಣಗಳನ್ನು ವಿಂಗಡಿಸಲು ಕಲಿಯುತ್ತಾನೆ. ಮೂರು ಅಕ್ಷರಗಳ ಗಣಗಳು ಎಂಟು. ಏಕೆ ಎಂಟೇ? ಪ್ರತಿಯೊಂದು ಸ್ಥಾನದಲ್ಲಿ ಗುರು ಅಥವಾ ಲಘು, ಎಂದರೆ ಎರಡೇ ಆಯ್ಕೆ; ಮೂರು ಸ್ಥಾನಗಳಿಗೆ 2 × 2 × 2 = 8. ಈ ಎಂಟನ್ನು ಗುರುಗಳ ಎಣಿಕೆಯಂತೆ ವಿಂಗಡಿಸಿದರೆ: ಮೂರು ಗುರುಗಳುಳ್ಳದ್ದು ಮಗಣವೊಂದೇ, ಎರಡು ಗುರುಗಳುಳ್ಳವು ಯಗಣ, ರಗಣ, ತಗಣ ಎಂದು ಮೂರು, ಒಂದು ಗುರುವುಳ್ಳವು ಭಗಣ, ಜಗಣ, ಸಗಣ ಎಂದು ಮೂರು, ಗುರುವಿಲ್ಲದ್ದು ನಗಣವೊಂದೇ. ಎಂದರೆ 1, 3, 3, 1. ಗುರುವಿಗೆ ‘ಗ’, ಲಘುವಿಗೆ ‘ಲ’ ಎಂದಿಟ್ಟು ಬೀಜಗಣಿತದಲ್ಲಿ ಬರೆದರೆ:

(ಗ + ಲ)³ = ಗ³ + 3ಗ²ಲ + 3ಗಲ² + ಲ³

ಒಂಬತ್ತನೆಯ ತರಗತಿಯಲ್ಲಿ ಕಂಠಪಾಠ ಮಾಡಿದ ಘನದ ಸೂತ್ರವೂ ಕನ್ನಡದ ಗಣವಿಭಾಗವೂ ಒಂದೇ ಎಂದು ತಿಳಿದಾಗ ಮಕ್ಕಳ ಮುಖದಲ್ಲಿ ಮೂಡುವ ಬೆರಗು ಕಲಿಸುವವನ ಶ್ರಮವನ್ನು ಮರೆಯಿಸುತ್ತದೆ. ನಾಲ್ಕು ಅಕ್ಷರಗಳಿಗೆ 1, 4, 6, 4, 1. ಐದಕ್ಕೆ 1, 5, 10, 10, 5, 1. ಹೀಗೆ ಸಾಲುಗಳನ್ನು ಪೇರಿಸಿದರೆ ಮೇರುಪ್ರಸ್ತಾರವಾಗುತ್ತದೆ. 10ನೆಯ ಶತಮಾನದ ಹಲಾಯುಧನು ಪಿಂಗಳನ ಛಂದಃಸೂತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಇದನ್ನು ವಿವರಿಸಿದ್ದಾನೆ. ಪದವಿಪೂರ್ವ ತರಗತಿಯ ಪುಸ್ತಕದಲ್ಲಿ ಇದೇ ‘ಪಾಸ್ಕಲನ ತ್ರಿಕೋನ’. ಪಾಸ್ಕಲನು 17ನೆಯ ಶತಮಾನದವನು. ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆಯುವ ಬಗೆಗಳೆಷ್ಟೆಂಬುದಕ್ಕೆ ಮಹಾವೀರಾಚಾರ್ಯನು ಸಾಮಾನ್ಯ ನಿಯಮವನ್ನೇ ಕೊಟ್ಟಿದ್ದಾನೆ. ಆರು ರಸಗಳಲ್ಲಿ ಒಂದನ್ನು, ಎರಡನ್ನು, ಮೂರನ್ನು, ಹೀಗೆ ಆರನ್ನೂ ಬೆರೆಸುವ ಬಗೆಗಳು 6, 15, 20, 15, 6, 1, ಒಟ್ಟು 63. ವಿಕಲ್ಪಗಳ ಅಧ್ಯಾಯಕ್ಕೆ ಇದಕ್ಕಿಂತ ರುಚಿಕರವಾದ ಪ್ರವೇಶವುಂಟೇ?

‘ಎಲ್ಲ’ ಎಂಬ ಮಾತಿನ ಭಾರ

ಕಾಲೇಜಿನ ಗಣಿತವು ಸಾಧನೆಯನ್ನು ಬೇಡುತ್ತದೆ. ಹತ್ತು ಉದಾಹರಣೆಗಳು ಒಪ್ಪಿದರೆ ನಿಯಮವು ಸಿದ್ಧವಾಯಿತೆಂದು ಎಳೆಯರು ನಂಬುತ್ತಾರೆ. ಅವರ ಮುಂದೆ ಈ ಪ್ರಸಿದ್ಧ ಉಕ್ತಿಯನ್ನಿಡಬೇಕು: ನ² + ನ + 41. ‘ನ’ ಎಂಬಲ್ಲಿ 0, 1, 2, 3 ಎಂದು ಇಟ್ಟರೆ 41, 43, 47, 53 ಬರುತ್ತವೆ. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. 39ರ ವರೆಗೆ ಒಂದೂ ತಪ್ಪದೆ ಅವಿಭಾಜ್ಯಗಳೇ ಬರುತ್ತವೆ. ಆದರೆ 40 ಇಟ್ಟರೆ ಬರುವುದು 1681, ಎಂದರೆ 41 × 41. ನಲವತ್ತು ಸಲ ನಿಜವಾದುದು ನಲವತ್ತೊಂದನೆಯ ಸಲ ಸುಳ್ಳಾಯಿತು. ‘ಎಲ್ಲ’ ಎಂದು ಹೇಳುವ ಮುನ್ನ ಕಾರಣವನ್ನು ಕೊಡಬೇಕೆಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಬೇರಾವುದೂ ಕಲಿಸದು.

ಕಾರಣವನ್ನು ಕೊಡುವುದು ಹೇಗೆಂಬುದನ್ನು ಮತ್ತೆ ಛಂದಸ್ಸಿನಿಂದಲೇ ತೋರಿಸಬಹುದು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಗಳ ಗಣವನ್ನು 3 ಬಗೆಯಾಗಿ, ನಾಲ್ಕು ಮಾತ್ರೆಗಳದನ್ನು 5 ಬಗೆಯಾಗಿ, ಐದು ಮಾತ್ರೆಗಳದನ್ನು 8 ಬಗೆಯಾಗಿ ಕಟ್ಟಬಹುದು. 3 ಮತ್ತು 5 ಕೂಡಿ 8 ಆಯಿತು. ಇದು ಆಕಸ್ಮಿಕವೇ? ಅಲ್ಲ. ಐದು ಮಾತ್ರೆಗಳ ಗಣವು ಲಘುವಿನಿಂದ ಮುಗಿದರೆ ಅದರ ಹಿಂದೆ ನಾಲ್ಕು ಮಾತ್ರೆಗಳಿರುತ್ತವೆ. ಗುರುವಿನಿಂದ ಮುಗಿದರೆ ಮೂರಿರುತ್ತವೆ. ಬೇರೆ ದಾರಿಯಿಲ್ಲ. ಆದುದರಿಂದ ಹಿಂದಿನ ಎರಡು ಎಣಿಕೆಗಳನ್ನು ಕೂಡಿಸಿದರೆ ಮುಂದಿನದು ಬರಲೇಬೇಕು. ಆರು ಮಾತ್ರೆಗಳಿಗೆ 13. ಈ ಕಾರಣವು ಐದಕ್ಕೆ ಮಾತ್ರವಲ್ಲ, ಎಲ್ಲ ಸಂಖ್ಯೆಗಳಿಗೂ ಸಲ್ಲುತ್ತದೆ. ಇದೇ ಸಾಧನೆ.

ಕನ್ನಡದಿಂದ ಇಂಗ್ಲಿಷಿಗೆ ಸೇತುವೆ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ತೊಡಕುಂಟು. ಪದವಿಪೂರ್ವ ವಿಜ್ಞಾನದ ಬೋಧನೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಸಹಗುಣಕವು ‘ಕೋಎಫಿಷಿಯೆಂಟ್’ ಆಗುತ್ತದೆ, ಬಹುಪದೋಕ್ತಿಯು ‘ಪಾಲಿನಾಮಿಯಲ್’ ಆಗುತ್ತದೆ, ಶೋಧಕವು ‘ಡಿಸ್ಕ್ರಿಮಿನೆಂಟ್’ ಆಗುತ್ತದೆ. ಪದಗಳ ಪಟ್ಟಿಯನ್ನು ಕಲಿಯುವುದು ಕೆಲವು ವಾರಗಳ ಕೆಲಸ. ಅದಕ್ಕಿಂತ ಸೂಕ್ಷ್ಮವಾದುದು ವಾಕ್ಯರಚನೆಯ ಭೇದ.

‘ಒಂದು ಸಂಖ್ಯೆಗಿಂತ 5 ಕಡಿಮೆ’ ಎಂಬ ಕನ್ನಡದ ಮಾತನ್ನು ಕೇಳಿದಂತೆಯೇ ಬರೆದರೆ ‘ಯ − 5’ ಆಗುತ್ತದೆ. ಕನ್ನಡದ ಕ್ರಮವೂ ಚಿಹ್ನೆಗಳ ಕ್ರಮವೂ ಒಂದೇ. ಇಂಗ್ಲಿಷಿನಲ್ಲಿ ‘ಫೈವ್ ಲೆಸ್ ದ್ಯಾನ್ ಎ ನಂಬರ್’ ಎನ್ನುತ್ತಾರೆ. ಐದು ಮೊದಲು ಬರುತ್ತದೆ. ಕೇಳಿದ ಕ್ರಮದಲ್ಲಿ ಬರೆದವನು ‘5 − ಯ’ ಎಂದು ತಪ್ಪುತ್ತಾನೆ. ಭಿನ್ನರಾಶಿಯಲ್ಲಿಯೂ ಹಾಗೆಯೇ. ಕನ್ನಡದಲ್ಲಿ ‘ಮೂರನೇ ಎರಡು’ ಎಂದು ಛೇದವನ್ನು ಮೊದಲು ಹೇಳಿದರೆ ಇಂಗ್ಲಿಷಿನಲ್ಲಿ ‘ಟು ಬೈ ತ್ರೀ’ ಎಂದು ಅಂಶವನ್ನು ಮೊದಲು ಹೇಳುತ್ತಾರೆ. ಮನೆಯ ಮಾತು, ಕಾಲೇಜಿನ ಮಾತು ಎರಡನ್ನೂ ಚಿಹ್ನೆಗೆ ತಿರುಗಿಸುವ ಅಭ್ಯಾಸವು ಜೊತೆಜೊತೆಯಾಗಿ ನಡೆಯಬೇಕು.

ಕನ್ನಡದೊಳಗಿನ ವಿಭಕ್ತಿ, ಅವ್ಯಯಗಳಲ್ಲಿಯೂ ಎಚ್ಚರ ಬೇಕು. ‘ಸಂಖ್ಯೆಯ ಎರಡರಷ್ಟಕ್ಕೆ 5 ಕೂಡಿಸು’ ಎಂದರೆ 2ಯ + 5. ‘ಸಂಖ್ಯೆಗೆ 5 ಕೂಡಿಸಿ ಎರಡರಷ್ಟು ಮಾಡು’ ಎಂದರೆ 2(ಯ + 5). ‘ಯ = 3 ಆದರೆ ಯ² = 9’ ಎಂಬುದು ನಿಜ; ‘ಯ = 3 ಆದರೆ ಮಾತ್ರ ಯ² = 9’ ಎಂಬುದು ಸುಳ್ಳು, ಏಕೆಂದರೆ −3 ಕೂಡ ಇದೆ. ‘ಮಾತ್ರ’ ಎಂಬ ಒಂದು ಅವ್ಯಯದಲ್ಲಿ ತರ್ಕದ ಒಂದು ಅಧ್ಯಾಯವೇ ಅಡಗಿದೆ. ಆದುದರಿಂದ ಗಣಿತದ ಸಿದ್ಧತೆಯು ಗಣಿತದ ಅಧ್ಯಾಪಕರೊಬ್ಬರ ಹೊಣೆಯಲ್ಲ. ಭಾಷೆಯನ್ನು ಕಲಿಸುವವರ ಪಾಲೂ ಅದರಲ್ಲಿ ಉಂಟು.

ಮಾಡಬೇಕಾದುದು

ಎಸ್.ಎಸ್.ಎಲ್.ಸಿ. ಪರೀಕ್ಷೆಗೂ ಕಾಲೇಜಿನ ಆರಂಭಕ್ಕೂ ನಡುವೆ ದೊರೆಯುವ ಬೇಸಿಗೆಯ ವಾರಗಳು ಸಾಮಾನ್ಯವಾಗಿ ವ್ಯರ್ಥವಾಗುತ್ತವೆ. ಅವುಗಳಲ್ಲಿ ಆರು ವಾರಗಳನ್ನು, ದಿನಕ್ಕೆ ಒಂದು ತಾಸಿನಂತೆ, ಇದಕ್ಕೆ ಮೀಸಲಿಟ್ಟರೆ ಸಾಕು. ಮೊದಲ ವಾರದಲ್ಲಿ ವಾಕ್ಯವನ್ನು ಚಿಹ್ನೆಗೂ ಚಿಹ್ನೆಯನ್ನು ವಾಕ್ಯಕ್ಕೂ ತಿರುಗಿಸುವುದು. ಎರಡನೆಯದರಲ್ಲಿ ಅಪವರ್ತನ, ಭಿನ್ನೋಕ್ತಿ ಮತ್ತು ಮೇಲೆ ಹೇಳಿದ ದೋಷಗಳು. ಮೂರನೆಯದರಲ್ಲಿ ವರ್ಗಪೂರ್ಣ, ಶೋಧಕ, ನಕ್ಷೆ. ನಾಲ್ಕನೆಯದರಲ್ಲಿ ಅಸಮತೆ ಮತ್ತು ಫಲನ. ಐದನೆಯದರಲ್ಲಿ ಎಣಿಕೆ ಮತ್ತು ಮೇರುಪ್ರಸ್ತಾರ. ಆರನೆಯದರಲ್ಲಿ ಸಾಧನೆ ಮತ್ತು ಇಂಗ್ಲಿಷ್ ಪರಿಭಾಷೆ. ದಿನವೂ ಒಬ್ಬ ವಿದ್ಯಾರ್ಥಿಯು ಹಲಗೆಯ ಮುಂದೆ ನಿಂತು, ಒಂದು ಲೆಕ್ಕವನ್ನು ಕಾರಣಸಹಿತವಾಗಿ ಬಾಯಿಬಿಟ್ಟು ವಿವರಿಸಬೇಕು. ಮೌನವಾಗಿ ನಕಲು ಮಾಡಿದವನಿಗೆ ಗೊತ್ತಾಗದ ತನ್ನ ಕೊರತೆಯು ವಿವರಿಸಲು ಹೊರಟವನಿಗೆ ಕೂಡಲೇ ಗೊತ್ತಾಗುತ್ತದೆ.

ಇದಕ್ಕೆ ದೊಡ್ಡ ಕಟ್ಟಡವು ಬೇಡ. ಒಂದು ಕೋಣೆ, ಅಗಲವಾದ ಕರಿಹಲಗೆ, ಪದವಿಪೂರ್ವ ಮೊದಲ ವರ್ಷದ ಪಠ್ಯಪುಸ್ತಕದ ಹತ್ತಿಪ್ಪತ್ತು ಪ್ರತಿಗಳು, ಚೌಕುಳಿ ಕಾಗದ, ಬೇಸಿಗೆಯಲ್ಲಿಯೂ ಬಂದು ಕಲಿಸುವ ಅಧ್ಯಾಪಕರಿಗೆ ಯೋಗ್ಯ ಗೌರವಧನ ಇವಿಷ್ಟಿದ್ದರೆ ಸಾಕು. ದಾನಿಗಳ ಔದಾರ್ಯವು ಈ ಸಣ್ಣ ಕಾರ್ಯದ ಕಡೆಗೂ ಹರಿಯಲಿ. ಎಂಜಿನಿಯರುಗಳೋ ಅಧ್ಯಾಪಕರೋ ಬ್ಯಾಂಕಿನ ಅಧಿಕಾರಿಗಳೋ ಆಗಿ ದೂರದ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಊರಿಗೆ ಬಂದಾಗ ಎರಡು ಸಂಜೆ ಮಕ್ಕಳೊಡನೆ ಕುಳಿತು ತಾವು ಆ ಮೊದಲ ವರ್ಷವನ್ನು ಹೇಗೆ ದಾಟಿದರೆಂಬುದನ್ನು ಹೇಳಿದರೆ, ಅದು ಹಣದ ದಾನಕ್ಕಿಂತ ಕಡಿಮೆಯದಲ್ಲ.

ಹನ್ನೊಂದು ಶತಮಾನಗಳ ಹಿಂದೆ ಮಾನ್ಯಖೇಟದ ಆಸ್ಥಾನದಲ್ಲಿ ಗಣಿತವೂ ಭಾಷೆಯೂ ಒಟ್ಟಿಗೆ ಬಾಳಿದ್ದವು. ಕೃಷ್ಣೆಯ ದಡದ ಈ ನಾಡಿನ ಶಾಲೆಗಳಲ್ಲಿ ಅವು ಮತ್ತೆ ಒಂದೇ ಹಲಗೆಯ ಮೇಲೆ ಕೂಡಿದರೆ, ಜೂನ್ ತಿಂಗಳಿನಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಹೊಸ ಪುಸ್ತಕವನ್ನು ತೆರೆದಾಗ ಅಲ್ಲಿ ಪರಿಚಿತವಾದ ಮಾತನ್ನೇ ಓದುವರು.